ಕಳ್ಳಿಗಾಡಿನ ಹಕ್ಕಿಗೆ ಹತ್ತಾರು ಕಣ್ಣು

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರಕ್ಕೆ ಹಕ್ಕಿ ನೋಡಲು ಹೊಸದಾಗಿ ಬಂದವರನ್ನು ಅಲ್ಲಿನವರು ಮೊದಲು ಕರೆದೊಯ್ಯುವುದು ಕಳ್ಳಿಕಾಡಿಗಲ್ಲ, ಬೆಟ್ಟಕ್ಕೂ ಅಲ್ಲ. ಊರಿನ ಕೊಳಚೆ ನೀರು ಶುದ್ಧಗೊಂಡು ಬಂದು ನಿಲ್ಲುವ ಕೊಳಗಳ ದಂಡೆಗೆ. ಸ್ವೀಟ್‌ವಾಟರ್ ಎಂಬ ಹೆಸರಿನ ಈ ಜೌಗನ್ನು ನಗರಾಡಳಿತ 1996ರಲ್ಲಿ ಕಟ್ಟಿಸಿತು. ಪಕ್ಕದಲ್ಲೇ ಹೆದ್ದಾರಿ, ಲಾರಿಗಳ ಸದ್ದು ನಿಲ್ಲುವುದೇ ಇಲ್ಲ. ಆದರೂ ಇಲ್ಲಿನ ಬುಧವಾರದ ನಡಿಗೆ ಊರಿನ ಹಕ್ಕಿಪ್ರಿಯರಿಗೆ ವಾರದ ಸಂತೆಯಿದ್ದಂತೆ. ಬೆಳಿಗ್ಗೆ ವಾಹನ ನಿಲ್ಲಿಸುವ ಜಾಗದಲ್ಲಿ ಅಗಲ ಅಂಚಿನ ಟೋಪಿ, ಕೊರಳಿಗೆ ದುರ್ಬೀನು, ಕೈಯಲ್ಲಿ ನೀರಿನ ಬಾಟಲಿ ಹಿಡಿದ ಹತ್ತು ಹದಿನೈದು ಜನ ಸೇರುತ್ತಾರೆ. ಹೆಚ್ಚಿನವರು ನಿವೃತ್ತರು. ಮಿನೆಸೋಟಾ, ಕೆನಡಾ ಕಡೆಯ ಹಿಮಕ್ಕೆ ಬೆನ್ನು ತಿರುಗಿಸಿ ಚಳಿಗಾಲವನ್ನೆಲ್ಲ ಇಲ್ಲಿ ಕಳೆಯುವ ಇಂಥ ಹಿರಿಯರನ್ನು ಸ್ಥಳೀಯರು ‘ಸ್ನೋಬರ್ಡ್’ ಎಂದೇ ಕರೆಯುತ್ತಾರೆ. ವಲಸೆ ಬಂದವರು ವಲಸೆ ಬಂದವನ್ನು ನೋಡಲು ಹೊರಡುವುದು ಎಂದರೂ ಸರಿಯೇ.

ಜೊಂಡಿನ ನಡುವೆ ಕೆಂಪು ಭುಜದ ಬ್ಲ್ಯಾಕ್‌ಬರ್ಡ್‌ಗಳ ಗಲಾಟೆ. ನೀರಿನ ಮೇಲೆ ಚಮಚದ ಕೊಕ್ಕಿನ ಶವೆಲರ್ ಬಾತುಗಳು. ಇದೇ ಜಾತಿಯ ಬಾತು ಉತ್ತರ ಏಷ್ಯಾದಿಂದ ಹೊರಟು ಚಳಿಗಾಲಕ್ಕೆ ನಮ್ಮ ಮೈಸೂರು, ಗದಗ ಕಡೆಯ ಕೆರೆಗಳಿಗೂ ಬರುತ್ತದೆ. ದಂಡೆಯ ಒಣಮರದ ಮೇಲೆ ಹ್ಯಾರಿಸ್ ಗಿಡುಗಗಳ ಒಂದು ಸಂಸಾರ. ಬೇಟೆಯ ಹಕ್ಕಿಗಳಲ್ಲಿ ಹೆಚ್ಚಿನವು ಒಂಟಿ ಸ್ವಭಾವದವು. ಇವು ಮಾತ್ರ ಕುಟುಂಬ ಸಮೇತ ಬೇಟೆಯಾಡುತ್ತವೆ. ಒಂದು ಗಿಡುಗ ಮೊಲವನ್ನು ಪೊದೆಯಿಂದ ಎಬ್ಬಿಸಿದರೆ ಇನ್ನೊಂದು ಆಚೆ ಕಾದಿರುತ್ತದೆ. ಕೂರಲು ಜಾಗ ಸಾಲದಿದ್ದರೆ ಒಂದರ ಬೆನ್ನ ಮೇಲೆ ಇನ್ನೊಂದು ನಿಲ್ಲುವುದೂ ಉಂಟು.

ಮರುಭೂಮಿಯ ಹಕ್ಕಿನಡಿಗೆ ಕೊಳಚೆ ನೀರಿನ ಬಳಿ ಏಕೆ ಶುರುವಾಗಬೇಕು? ಟೂಸಾನ್‌ಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 280 ಮಿ.ಮೀ. ನಮ್ಮ ಬಯಲುಸೀಮೆಯಲ್ಲಿ ಮಳೆಗೆ ಬಾಯಿಬಿಡುವ ತಾಲ್ಲೂಕುಗಳೂ ಇದಕ್ಕಿಂತ ಹೆಚ್ಚು ನೀರು ಕಾಣುತ್ತವೆ. ಊರಿನ ಸಾಂತಾ ಕ್ರೂಜ್ ನದಿ ಹಿಂದೊಮ್ಮೆ ಕೆಲವೆಡೆ ವರ್ಷವಿಡೀ ಹರಿಯುತ್ತಿತ್ತು. ಇಪ್ಪತ್ತನೇ ಶತಮಾನದಲ್ಲಿ ಕೊಳವೆಬಾವಿಗಳು ಅಂತರ್ಜಲವನ್ನು ಇಳಿಸಿದ ಮೇಲೆ ಅದು ಮರಳ ಹಾಸಾಯಿತು. ಈಗ ಅದರ ಕೆಲವು ಭಾಗಗಳಲ್ಲಿ ಹರಿಯುವುದು ಶುದ್ಧೀಕರಿಸಿದ ಚರಂಡಿ ನೀರೇ. ಹೀಗಾಗಿ ಇಲ್ಲಿ ಹಕ್ಕಿಯ ಜಾಡು ಹಿಡಿಯುವುದೆಂದರೆ ಮೊದಲು ನೀರಿನ ಜಾಡು ಹಿಡಿಯುವುದು. ಯಾವ ಕಣಿವೆಯಲ್ಲಿ ತೊರೆ ಇನ್ನೂ ಬತ್ತಿಲ್ಲ, ಯಾರ ಹಿತ್ತಲಿನಲ್ಲಿ ತೊಟ್ಟಿ ಇಟ್ಟಿದ್ದಾರೆ, ಯಾವ ಹಳ್ಳ ಹೋದ ವಾರದ ಮಳೆಗೆ ಹಸಿರಾಗಿದೆ ಎಂಬ ತಿಳಿವಳಿಕೆ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಗುಂಪಿನ ಮುಂದಾಳುವಿನ ಬೆಲೆ ಇರುವುದು ಅಲ್ಲೇ.

ಮುಂದಾಳುಗಳಲ್ಲಿ ಎರಡು ಬಗೆ. ಟೂಸಾನ್ ಬರ್ಡ್ ಅಲೈಯನ್ಸ್‌ನಂಥ ಸಂಸ್ಥೆಗಳ ಸ್ವಯಂಸೇವಕರು ನಡೆಸುವ ನಡಿಗೆಗಳು ಬಹುಪಾಲು ಉಚಿತ. ಮೊದಲೇ ಹೆಸರು ಕೊಟ್ಟರೆ ಸಾಕು, ದುರ್ಬೀನು ಇಲ್ಲದವರಿಗೆ ಎಷ್ಟೋ ಸಲ ಅಲ್ಲೇ ಒಂದು ಸಿಗುತ್ತದೆ. ಇನ್ನೊಂದು, ವ್ಯಾನಿನಲ್ಲಿ ವಾರಗಟ್ಟಲೆ ಸುತ್ತಿಸಿ ಸಾವಿರಾರು ಡಾಲರ್ ಪಡೆಯುವ ವೃತ್ತಿಪರ ಗೈಡ್‌ಗಳದ್ದು. ಎರಡನೆಯದರಲ್ಲಿ ಪಟ್ಟಿ ಉದ್ದವಾಗುತ್ತದೆ ನಿಜ. ಆದರೆ ಹಕ್ಕಿಯ ಬದುಕು ಅರ್ಥವಾಗಬೇಕೆಂದರೆ ಅದೇ ಕೊಳವನ್ನು ವಾರವಾರವೂ ಸುತ್ತುವ ಉಚಿತ ಮುಂದಾಳುವೇ ಮೇಲು ಎಂದು ನನ್ನ ಅಂದಾಜು.

ಕೆಲಸ ನಡೆಯುವ ಬಗೆ ನೋಡುವಂತಿದೆ. ಮುಂದಾಳು ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ದುಡಿಸುತ್ತಾರೆ. ಬಾಗಿದ ಕೊಕ್ಕಿನ ಥ್ರ್ಯಾಷರ್ ಸಿಳ್ಳೆ ಹೊಡೆದು ಯಾರನ್ನೋ ಕರೆದಂತೆ ಎರಡು ಸ್ವರ ಬಿಡುತ್ತದೆ. ಅರಿಜೋನಾದ ರಾಜ್ಯಪಕ್ಷಿಯಾದ ಕ್ಯಾಕ್ಟಸ್ ರೆನ್ ಸ್ಟಾರ್ಟ್ ಆಗದ ಹಳೇ ಕಾರಿನ ಹಾಗೆ ಗರಗರ ಎನ್ನುತ್ತದೆ. ಸದ್ದು ಬಂದ ಕಡೆ ಎಲ್ಲರೂ ನಿಲ್ಲುತ್ತಾರೆ. ಆಮೇಲೆ ದಾರಿ ಹೇಳುವ ಕಷ್ಟ. ಕಾಡಿನಲ್ಲಾದರೆ ‘ಆ ಮಾವಿನ ಮರದ ಪಕ್ಕ’ ಎನ್ನಬಹುದು. ಇಲ್ಲಿ ಎತ್ತ ನೋಡಿದರೂ ಒಂದೇ ರೀತಿಯ ಕಂಬದಂಥ ಕಳ್ಳಿಗಳು. ಹಾಗಾಗಿ ಗಡಿಯಾರದ ಲೆಕ್ಕ: ‘ಎರಡು ಕೈಯಿರುವ ಆ ಸವಾರೊ ನೋಡಿ, ಎಡಗೈ ಬುಡದಿಂದ ಮೂರು ಗಂಟೆಯ ದಿಕ್ಕಿಗೆ, ಒಂದು ಮೊಳ ಆಚೆ.’ ಮೊದಲು ಕಂಡವರು ಕಾಣದವರಿಗೆ ಹೇಳಬೇಕು. ಮುಂದಾಳು ಮುಕ್ಕಾಲಿಯ ಮೇಲೆ ಸ್ಕೋಪ್ ನಿಲ್ಲಿಸಿದರೆ ಒಬ್ಬೊಬ್ಬರೂ ಒಂದು ಕ್ಷಣ ಇಣುಕಿ ಸರಿಯಬೇಕು. ತೃಪ್ತಿಯಾಗಿ ನೋಡುವ ಸರದಿ ಎಲ್ಲರದೂ ಮುಗಿದ ಮೇಲೆ. ಕೈ ಚಾಚಿ ತೋರಿಸುವುದು, ಮುಂದಾಳುವನ್ನು ದಾಟಿ ಹೋಗುವುದು, ಫಿರಂಗಿಯಂಥ ಲೆನ್ಸ್ ಹೊತ್ತು ಹಕ್ಕಿಯ ಹತ್ತಿರ ಹತ್ತಿರ ಜರುಗುವುದು ಸಲ್ಲದು. ಯಾರೂ ಗದರುವುದಿಲ್ಲ, ಆದರೆ ಮುಂದಿನ ನಿಲುಗಡೆಯಲ್ಲಿ ಆ ಫೋಟೊಗ್ರಾಫರ್‌ನ ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲ.

ಸವಾರೊ ಎಂದೆನಲ್ಲ, ಆ ಕಳ್ಳಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹನ್ನೆರಡು ಮೀಟರ್‌ಗೂ ಮೀರಿ ಬೆಳೆಯುವ ಇದು ಮೊದಲ ಕೈ ಹೊರಡಿಸಲು ಐವತ್ತು ಎಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಹೀಲಾ ಮರಕುಟಿಗ ಅದರ ಹಸಿ ತಿರುಳನ್ನು ಕೊರೆದು ಪೊಟರೆ ಮಾಡುತ್ತದೆ, ಆದರೆ ಕೂಡಲೇ ಒಳಗೆ ಕೂರುವುದಿಲ್ಲ. ಗಾಯಕ್ಕೆ ಕಳ್ಳಿ ಸುತ್ತ ತೊಗಟೆಯಂಥ ಗಟ್ಟಿ ಪದರ ಕಟ್ಟಿ, ಒಳಗೆಲ್ಲ ಒಣಗಲು ತಿಂಗಳುಗಳೇ ಬೇಕು. ಮರಕುಟಿಗ ಬಿಟ್ಟುಹೋದ ಮನೆಗೆ ಬಾಡಿಗೆಯಿಲ್ಲದೆ ಸೇರಿಕೊಳ್ಳುವುದು ಎಲ್ಫ್ ಗೂಬೆ. ಗುಬ್ಬಚ್ಚಿಗಿಂತ ಅಷ್ಟೇನೂ ದೊಡ್ಡದಲ್ಲ, ತೂಕ ಸುಮಾರು 40 ಗ್ರಾಂ. ಜಗತ್ತಿನ ಅತಿ ಹಗುರವಾದ ಗೂಬೆ. ಮೆಕ್ಸಿಕೊದಿಂದ ವಸಂತದಲ್ಲಿ ಬರುತ್ತದೆ. ಸಂಜೆಯ ನಡಿಗೆಗಳಲ್ಲಿ ಇಡೀ ಗುಂಪು ಒಂದು ತೂತಿನತ್ತ ಕಣ್ಣು ನೆಟ್ಟು ಕಾಯುವುದು ಇದಕ್ಕಾಗಿ. ಕಳ್ಳಿ ಸತ್ತು ತಿರುಳೆಲ್ಲ ಕೊಳೆತುಹೋದರೂ ಆ ಗಟ್ಟಿ ಪೊಟರೆ ಮಾತ್ರ ಹಳೇ ಬೂಟಿನಂತೆ ನೆಲದ ಮೇಲೆ ಉಳಿಯುತ್ತದೆ. ಈ ನೆಲದ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ ಜೂನ್‌ನಲ್ಲಿ ಸವಾರೊ ಹಣ್ಣು ಕೊಯ್ಯುತ್ತಾರೆ. ಅದೇ ಹಣ್ಣಿಗೆ ಬಿಳಿ ರೆಕ್ಕೆಯ ಬೆಳವಗಳೂ ಮುಗಿಬೀಳುತ್ತವೆ.

ಕನ್ನಡನಾಡಿನಿಂದ ಹೋದವರಿಗೆ ಈ ಬೋಳು ನೆಲದಲ್ಲಿ ಗುರುತಿನವರು ಸಿಗುತ್ತಾರೆ. ಪಾಪಸುಕಳ್ಳಿಯ ತವರು ಅಮೆರಿಕ ಖಂಡವೇ. ಹಳ್ಳದ ದಂಡೆಯ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟು. ಇಲ್ಲಿ ಹೊಲ ನುಂಗಿದ ಶನಿ ಎಂದು ಬೈಸಿಕೊಳ್ಳುವ ಕುಲ ಅಲ್ಲಿ ತನ್ನ ನೆಲದಲ್ಲಿ ಹಕ್ಕಿಗಳಿಗೆ ನೆರಳು, ಕಾಯಿ, ಗೂಡು ಎಲ್ಲವೂ ಆಗಿದೆ. ಆ ಮರದ ಮೇಲೆ ಬೆಳೆಯುವ ಬಂದಳಿಕೆಯ ಹಣ್ಣನ್ನು ತಿಂದು ಬದುಕುವ ಹಕ್ಕಿ ಫೈನೊಪೆಪ್ಲಾ: ಮಿರುಗುವ ಕಪ್ಪು, ತಲೆಯ ಮೇಲೆ ಜುಟ್ಟು, ಕೆಂಡದಂಥ ಕಣ್ಣು. ಹಣ್ಣು ತಿಂದು ಬೀಜವನ್ನು ಮತ್ತೊಂದು ಕೊಂಬೆಯ ಮೇಲೆ ಹಿಕ್ಕೆಯಲ್ಲಿ ಅಂಟಿಸಿ ತನ್ನ ಮುಂದಿನ ಊಟವನ್ನು ತಾನೇ ಬಿತ್ತುತ್ತದೆ. ಕಾರ್ಟೂನಿನಿಂದ ಜಗತ್ಪ್ರಸಿದ್ಧವಾದ ರೋಡ್‌ರನ್ನರ್ ಕೋಗಿಲೆ ಕುಟುಂಬದ್ದು, ಅಂದರೆ ನಮ್ಮ ಬೇಲಿಯ ಕೆಂಬೂತದ ನೆಂಟ. ನೆಲದ ಮೇಲೆ ಓಡಾಡಿ ಹಾವು ಹಲ್ಲಿ ಹಿಡಿಯುವ ಆ ನಡಿಗೆ, ಉದ್ದ ಬಾಲ ನೋಡಿದರೆ ಸಂಬಂಧ ಹೇಳಿಕೊಡಬೇಕಾಗಿಲ್ಲ. ಚಳಿಯ ಬೆಳಗಿನಲ್ಲಿ ಅದು ಸೂರ್ಯನಿಗೆ ಬೆನ್ನು ಹಾಕಿ ಗರಿ ಎತ್ತಿ, ಕೆಳಗಿನ ಕಪ್ಪು ಚರ್ಮವನ್ನು ಬಿಸಿಲಿಗೆ ಕಾಯಿಸಿಕೊಳ್ಳುತ್ತದೆ.

ಬರಿಯ ಬಯಲಾಗಿದ್ದರೆ ಆಗ್ನೇಯ ಅರಿಜೋನಾಕ್ಕೆ ಇಷ್ಟು ಹೆಸರು ಬರುತ್ತಿರಲಿಲ್ಲ. ಮರುಭೂಮಿಯ ನಡುವೆ ದ್ವೀಪಗಳಂತೆ ಎದ್ದ ಬೆಟ್ಟಸಾಲುಗಳಿವೆ. ‘ಸ್ಕೈ ಐಲ್ಯಾಂಡ್’ ಎಂಬ ಹೆಸರು ಬಂದಿರುವುದು ಹಾಗೆ. ಸುಮಾರು 730 ಮೀಟರ್ ಎತ್ತರದ ಟೂಸಾನ್‌ನಿಂದ 2,791 ಮೀಟರ್ ಎತ್ತರದ ಮೌಂಟ್ ಲೆಮನ್‌ಗೆ ರಸ್ತೆ ಏರುತ್ತ ಹೋದರೆ ಕಳ್ಳಿ ಮುಗಿದು ಓಕ್, ಓಕ್ ಮುಗಿದು ಪೈನ್, ಕೊನೆಗೆ ಫರ್ ಮರಗಳು. ಬೆಳಿಗ್ಗೆ ಕೆಳಗೆ ಬೆವರಿದ ಗುಂಪು ಮಧ್ಯಾಹ್ನ ಮೇಲೆ ಸ್ವೆಟರ್ ಹುಡುಕುತ್ತದೆ. ಉತ್ತರದ ಕೆನಡಾದ ಕಾಡಿನ ಹಕ್ಕಿಗಳೂ ದಕ್ಷಿಣದ ಮೆಕ್ಸಿಕೊದ ಉಷ್ಣವಲಯದ ಹಕ್ಕಿಗಳೂ ಒಂದೇ ದಿನದ ಪಟ್ಟಿಗೆ ಸೇರುವುದು ಈ ಏರಿಳಿತದಿಂದ.

ದಕ್ಷಿಣದಿಂದ ಬರುವವರಲ್ಲಿ ಎಲ್ಲರೂ ಹುಡುಕುವುದು ಎಲೆಗಂಟ್ ಟ್ರೋಗನ್. ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಟ್ರೋಗನ್‌ನ ದಾಯಾದಿ. ಅದರಂತೆಯೇ ಕೆಂಪು ಹೊಟ್ಟೆ, ಅದರಂತೆಯೇ ನೆರಳಲ್ಲಿ ನೆಟ್ಟಗೆ ಕೂತು ಅಲುಗಾಡದೆ ಇರುವ ಗುಣ. ಮಡೇರಾ, ಕೇವ್ ಕ್ರೀಕ್‌ನಂಥ ಕಣಿವೆಗಳಲ್ಲಿ ತೊರೆಯ ಪಕ್ಕದ ಸಿಕಮೋರ್ ಮರದ ಪೊಟರೆಗಳಲ್ಲಿ ಗೂಡು ಮಾಡುತ್ತದೆ. ಕೂಗು ಕಪ್ಪೆಯ ಗೊರಕೆಯಂತಿದ್ದು ಬಣ್ಣಕ್ಕೂ ಅದಕ್ಕೂ ತಾಳೆಯೇ ಇಲ್ಲ. ಮೊಬೈಲ್‌ನಲ್ಲಿ ಅದೇ ಕೂಗು ನುಡಿಸಿದರೆ ಗಂಡು ಎದುರಾಳಿ ಬಂದನೆಂದು ಹಾರಿ ಬರುತ್ತದೆ, ನೋಡುವವರಿಗೆ ಸುಲಭ. ಆದರೆ ದಿನಕ್ಕೆ ನಾಲ್ಕು ಗುಂಪು ಬಂದು ನಾಲ್ಕು ಸಲ ನುಡಿಸಿದರೆ ಅದು ಮರಿಗಳಿಗೆ ಉಣಿಸುವುದು ಬಿಟ್ಟು ಇಲ್ಲದ ಶತ್ರುವಿನ ಜೊತೆ ಕಾದಾಡುತ್ತಿರಬೇಕಾಗುತ್ತದೆ. ಕೇವ್ ಕ್ರೀಕ್‌ನ ದಕ್ಷಿಣ ಕವಲಿನಲ್ಲಿ ಅರಣ್ಯ ಇಲಾಖೆ ಹೀಗೆ ಕೂಗು ನುಡಿಸುವುದನ್ನು ನಿಷೇಧಿಸಿದೆ. ನಿಷೇಧವಿಲ್ಲದ ಕಡೆಗಳಲ್ಲೂ ಒಳ್ಳೆಯ ಮುಂದಾಳುಗಳು ಫೋನ್ ತೆಗೆಯುವುದಿಲ್ಲ. ಎರಡು ತಾಸು ಕಾದು, ಕೂಗು ಮಾತ್ರ ಕೇಳಿ, ಹಕ್ಕಿ ಕಾಣದೆ ಮರಳುವ ಗುಂಪುಗಳೂ ಇವೆ. ಇಷ್ಟು ದುಡ್ಡು ಕೊಟ್ಟು ಬಂದೆವಲ್ಲ ಎಂಬ ಗೊಣಗಾಟ ಕೇಳಿಸಿದಾಗ ಬಿಗಿಯಾಗಿ ನಿಲ್ಲುವುದು ಉಚಿತ ಮುಂದಾಳುವಿಗಿಂತ ದುಡ್ಡು ಪಡೆದ ಗೈಡ್‌ಗೆ ಹೆಚ್ಚು ಕಷ್ಟ.

ಇನ್ನು ಹಮಿಂಗ್‌ಬರ್ಡ್. ನಮ್ಮಲ್ಲಿ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಎಷ್ಟೋ ಜನ ಹಮಿಂಗ್‌ಬರ್ಡ್ ಎನ್ನುತ್ತಾರೆ. ಆದರೆ ಅಮೆರಿಕ ಖಂಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಎಲ್ಲಿಯೂ ಕಾಡುಹಮಿಂಗ್‌ಬರ್ಡ್ ಇಲ್ಲ. ಈ ಗಡಿಸೀಮೆಯಲ್ಲಿ ಹದಿನೈದರ ಆಸುಪಾಸು ಜಾತಿಗಳು ದಾಖಲಾಗಿವೆ. ಅವುಗಳನ್ನು ನೋಡಲು ಬೆಟ್ಟ ಹತ್ತಬೇಕಾಗಿಲ್ಲ, ಪಟಗೋನಿಯಾ ಎಂಬ ಸಣ್ಣ ಊರಿನ ಒಂದು ಮನೆಯ ಹಿತ್ತಲಿಗೆ ಹೋದರೆ ಸಾಕು. ವಾಲಿ ಮತ್ತು ಮರಿಯನ್ ಪೇಟನ್ ದಂಪತಿ 1970ರ ದಶಕದಲ್ಲಿ ಅಲ್ಲಿ ನೆಲೆಸಿ, ಹಕ್ಕಿಗಳಿಗೆ ಸಕ್ಕರೆ ನೀರಿನ ಬಾಟಲಿ ತೂಗುಹಾಕಿದರು. ಬೇಲಿಯಾಚೆ ಇಣುಕುತ್ತಿದ್ದ ಅಪರಿಚಿತರನ್ನು ಓಡಿಸುವ ಬದಲು ಗೇಟು ತೆರೆದು ಕುರ್ಚಿ ಹಾಕಿದರು. ಸಕ್ಕರೆ ಖರ್ಚಿಗೆಂದು ಒಂದು ಡಬ್ಬ, ಕಂಡ ಹಕ್ಕಿ ಬರೆಯಲು ಒಂದು ಹಲಗೆ, ಅಷ್ಟೇ ವ್ಯವಸ್ಥೆ. ಅಮೆರಿಕದಲ್ಲಿ ಬೇರೆಡೆ ಕಾಣುವುದು ಕಷ್ಟವಾದ ನೇರಳೆ ನೆತ್ತಿಯ ಹಮಿಂಗ್‌ಬರ್ಡ್ ಇಲ್ಲಿ ಕಾಯಂ ಅತಿಥಿ. ಮರಿಯನ್ 2009ರಲ್ಲಿ ತೀರಿಕೊಂಡ ಮೇಲೆ ಮನೆ ಮಾರಾಟವಾಗಬಹುದಾಗಿತ್ತು. ಹಕ್ಕಿ ಸಂಸ್ಥೆಗಳು ದೇಣಿಗೆ ಕೂಡಿಸಿ 2014ರಲ್ಲಿ ಕೊಂಡವು. ಈಗಲೂ ಅದು ಹಿತ್ತಲಾಗಿಯೇ ಇದೆ. ಬಾಟಲಿಗಳಲ್ಲಿ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಬೇಡ. ಬೇಸಿಗೆಯ ಕೊನೆಯಲ್ಲಿ ಈ ಸೀಮೆಯ ಹಿತ್ತಲುಗಳ ಬಾಟಲಿಗಳು ರಾತ್ರಿ ತುಂಬಿಟ್ಟರೆ ಬೆಳಿಗ್ಗೆ ಖಾಲಿ: ಮಕರಂದ ಹೀರುವ ಬಾವಲಿಗಳು ಕತ್ತಲಲ್ಲಿ ಬಂದು ಮುಗಿಸಿರುತ್ತವೆ.

ಇದೇ ಪಟಗೋನಿಯಾದ ಹೊರಗೆ ರಸ್ತೆ ಬದಿಯ ಒಂದು ವಿಶ್ರಾಂತಿ ತಾಣವಿದೆ. ಹಿಂದೊಮ್ಮೆ ಅಲ್ಲಿ ಒಂದು ಅಪರೂಪದ ಹಕ್ಕಿ ಕಂಡಿತೆಂದು ಜನ ಓಡಿ ಬಂದರು. ಬಂದವರ ಕಣ್ಣಿಗೆ ಇನ್ನೊಂದು ಅಪರೂಪದ್ದು ಬಿತ್ತು. ಅದಕ್ಕೆ ಬಂದವರಿಗೆ ಮತ್ತೊಂದು. ಕಣ್ಣು ಹೆಚ್ಚಿದಂತೆ ಹಕ್ಕಿ ಹೆಚ್ಚುತ್ತದೆ ಎಂಬ ಈ ನಂಬಿಕೆಗೆ ‘ಪಟಗೋನಿಯಾ ಪಿಕ್‌ನಿಕ್ ಟೇಬಲ್ ಪರಿಣಾಮ’ ಎಂದೇ ಹೆಸರು ಬಿದ್ದು ದೇಶವೆಲ್ಲ ಹಬ್ಬಿತು. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಹಕ್ಕಿ ನೋಡುವವರು ಪಟ್ಟಿ ತುಂಬುವ ಇ-ಬರ್ಡ್ ಜಾಲತಾಣದ ದಾಖಲೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಅಂಥ ಪರಿಣಾಮಕ್ಕೆ ಪುರಾವೆ ಸಿಗಲಿಲ್ಲ. ಮೊದಲೇ ಒಳ್ಳೆಯ ಜಾಗದಲ್ಲಿ ಒಳ್ಳೆಯ ಹಕ್ಕಿಗಳು ಸಿಗುತ್ತವೆ, ಅಷ್ಟೇ. ಹಕ್ಕಿಪ್ರಿಯರಿಗೆ ಇದು ಸ್ವಲ್ಪ ಬೇಸರ ತಂದಿತು. ನನಗೆ ತರಲಿಲ್ಲ. ಗುಂಪಿನಲ್ಲಿ ಹೋಗುವುದರ ಲಾಭ ಅಪರೂಪದ ಹಕ್ಕಿ ಸಿಗುವುದರಲ್ಲಿ ಎಂದೂ ಇರಲಿಲ್ಲ. ಕಣ್ಣೆದುರೇ ಇದ್ದ ಸಾಧಾರಣ ಹಕ್ಕಿಯ ಕಸುಬನ್ನು ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ಬಿಡಿಸಿ ಹೇಳುವುದರಲ್ಲಿತ್ತು. ನಡಿಗೆ ಮುಗಿದ ಮೇಲೆ ಮುಂದಾಳು ಇ-ಬರ್ಡ್‌ನಲ್ಲಿ ಪಟ್ಟಿ ದಾಖಲಿಸಿ ಎಲ್ಲರಿಗೂ ಹಂಚುತ್ತಾರೆ. 2002ರಲ್ಲಿ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ ಆರಂಭಿಸಿದ ಈ ದಾಖಲೆಗೆ ಹೀಗೆ ಬುಧವಾರದ ನಿವೃತ್ತರೂ ವಿಜ್ಞಾನದ ಕೂಲಿ ಮಾಡಿದಂತಾಗುತ್ತದೆ.

ಯಾವ ಕಾಲಕ್ಕೆ ಹೋಗಬೇಕು ಎಂಬುದಕ್ಕೆ ಉತ್ತರ ವಿಚಿತ್ರ. ದೇಶದ ಬೇರೆಡೆ ಆಗಸ್ಟ್ ಎಂದರೆ ಹಕ್ಕಿ ನೋಡುವವರಿಗೆ ಸಪ್ಪೆ ತಿಂಗಳು. ಆಗ್ನೇಯ ಅರಿಜೋನಾದ ಹಕ್ಕಿ ಹಬ್ಬ ನಡೆಯುವುದು ಆಗಸ್ಟ್‌ನಲ್ಲೇ. ಕಾರಣ ಮುಂಗಾರು. ಹೌದು, ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಜೂನ್‌ನ 40 ಡಿಗ್ರಿ ಬೇಗೆ ಮುಗಿದು ಜುಲೈನಲ್ಲಿ ಮಧ್ಯಾಹ್ನದ ಗುಡುಗುಮಳೆ ಶುರುವಾದರೆ ಬೆಟ್ಟ ಹುಲ್ಲುಗಾವಲು ವಾರದಲ್ಲಿ ಹಸಿರಾಗುತ್ತದೆ, ಹುಳುಹುಪ್ಪಟೆ ಏಳುತ್ತದೆ. ಕಂದು ರೆಕ್ಕೆಯ ಗುಬ್ಬಿ, ಬೊಟೆರಿ ಗುಬ್ಬಿಯಂಥವು ಆಗಲೇ ಹಾಡಲು, ಗೂಡು ಕಟ್ಟಲು ತೊಡಗುತ್ತವೆ. ಮಳೆ ಬಿದ್ದ ಮೇಲೆ ಬಿತ್ತನೆ ಎನ್ನುವ ನಮ್ಮ ರೈತರಿಗೆ ಈ ಲೆಕ್ಕ ಕೂಡಲೇ ಹೊಳೆಯುತ್ತದೆ. ಆ ಕಾಲದ ನಡಿಗೆ ಬೆಳಿಗ್ಗೆ ಐದಕ್ಕೇ ಶುರು, ಮಧ್ಯಾಹ್ನದ ಸಿಡಿಲಿಗೆ ಮುಂಚೆ ಮನೆಗೆ. ಒಣ ಹಳ್ಳದಲ್ಲಿ ಕಾರು ನಿಲ್ಲಿಸಬಾರದು. ಎಲ್ಲೋ ಬೆಟ್ಟದಲ್ಲಿ ಬಿದ್ದ ಮಳೆ ಇಲ್ಲಿ ಬಿಸಿಲಿರುವಾಗಲೇ ಗೋಡೆಯಂತೆ ನುಗ್ಗಿ ಬರುತ್ತದೆ. ಇನ್ನೊಂದು ಸಲಕರಣೆ ಜೇಬಿನಲ್ಲಿರಲಿ: ಬಾಚಣಿಗೆ. ತಲೆಗಲ್ಲ, ಮೈಗೆ ಅಂಟಿದ ಚೋಯಾ ಕಳ್ಳಿಯ ಮುಳ್ಳುಂಡೆಯನ್ನು ಕೈ ತಾಗಿಸದೆ ಎತ್ತಿ ಬಿಸಾಡಲು.

ಇಂಟೆಲ್ ಕಾರ್ಖಾನೆಗಳಿರುವ ಚಾಂಡ್ಲರ್ ಸುತ್ತ ನೆಲೆಸಿದ ಕನ್ನಡದ ಮನೆಗಳಿಗೆ ಇದೆಲ್ಲ ದೂರದ ಮಾತೇನಲ್ಲ. ಪಕ್ಕದ ಗಿಲ್ಬರ್ಟ್‌ನಲ್ಲೂ ಶುದ್ಧೀಕರಿಸಿದ ನೀರನ್ನು ಕೊಳಗಳಿಗೆ ಬಿಟ್ಟು ನೆಲಕ್ಕೆ ಇಂಗಿಸುವ 110 ಎಕರೆಯ ಹಕ್ಕಿತಾಣವಿದೆ. ಮಗ, ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಕಾರಿಲ್ಲದೆ ಸೋಫಾ ಮೇಲೆ ದಿನ ದೂಡುವ ಅಪ್ಪ ಅಮ್ಮಂದಿರಿಗೆ ಇಂಥ ನಡಿಗೆಗಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ. ನಡಿಗೆ ನಿಧಾನ, ಜೊತೆಗಾರರು ಅದೇ ವಯಸ್ಸಿನವರು. ಇಂಗ್ಲಿಷ್ ತಡವರಿಸಿದರೂ ‘ನಮ್ಮೂರ ಕೆರೆಗೂ ಈ ಬಾತು ಬರುತ್ತೆ’ ಎಂದು ಹೇಳಿದರೆ ಸುತ್ತ ನಾಲ್ಕು ಜನ ಕೇಳಲು ನಿಲ್ಲುತ್ತಾರೆ. ಪಟಗೋನಿಯಾ ಕಡೆ ಹೋಗುವುದಾದರೆ ಪಾಸ್‌ಪೋರ್ಟ್, ವೀಸಾ ಕಾಗದ ಜೊತೆಗಿರಲಿ. ಮೆಕ್ಸಿಕೊ ಗಡಿ ಹತ್ತಿರ, ಉತ್ತರಕ್ಕೆ ಮರಳುವ ರಸ್ತೆಗಳಲ್ಲಿ ಗಡಿ ಪೊಲೀಸರ ತಪಾಸಣೆ ಕಟ್ಟೆಗಳಿವೆ.

ಚಳಿಗಾಲದ ಹೊರಸಂಚಾರಗಳಲ್ಲಿ ದೊಡ್ಡದು ಮೆಕ್‌ನೀಲ್ ಊರಿನ ಬಳಿಯ ವೈಟ್‌ವಾಟರ್ ಡ್ರಾ ಎಂಬ ಜೌಗಿಗೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಯಾಂಡ್‌ಹಿಲ್ ಕ್ರೌಂಚಗಳು ಅಲ್ಲಿ ಚಳಿಗಾಲ ಕಳೆಯುವ ವರ್ಷಗಳಿವೆ. ರಾತ್ರಿ ನರಿ, ಕಯೋಟೆಗಳಿಂದ ತಪ್ಪಿಸಿಕೊಳ್ಳಲು ಮೊಣಕಾಲುದ್ದದ ನೀರಿನಲ್ಲಿ ನಿಂತೇ ನಿದ್ದೆ. ಬೆಳಕಾದೊಡನೆ ಕಹಳೆಯೂದಿದಂಥ ಕೂಗಿನೊಂದಿಗೆ ಎದ್ದು ಕೊಯ್ದ ಮೆಕ್ಕೆಜೋಳದ ಹೊಲಗಳಿಗೆ ಹೋಗಿ ಉದುರುಕಾಳು ತಿಂದು, ಮಧ್ಯಾಹ್ನದ ಹೊತ್ತಿಗೆ ಮರಳುತ್ತವೆ. ನ್ಯೂ ಮೆಕ್ಸಿಕೊದ ಬೋಸ್ಕ್ ಡೆಲ್ ಅಪಾಚಿಯಲ್ಲೂ ಇದೇ ದೃಶ್ಯ. 1939ರಲ್ಲಿ ಆ ತಾಣ ಸ್ಥಾಪನೆಯಾಯಿತು. 1941ರಲ್ಲಿ ಅಲ್ಲಿ ಎಣಿಕೆಗೆ ಸಿಕ್ಕಿದ್ದು 17 ಕ್ರೌಂಚಗಳು, ಈಗ ಸಾವಿರಗಳ ಲೆಕ್ಕ.

ವೈಟ್‌ವಾಟರ್ ಡ್ರಾ ದಂಡೆಯ ಮೇಲೆ ನಿಂತವರಿಗೆ ಮುಂದಾಳುಗಳು ಹೇಳುವ ಇನ್ನೊಂದು ಕಥೆ ಕ್ರೌಂಚದ್ದಲ್ಲ, ಪಂಪ್‌ಸೆಟ್ಟಿನದು. ಈ ಕಣಿವೆಯ ಮೆಕ್ಕೆಜೋಳ ಬೆಳೆಯುವುದು ನೆಲದಾಳದ ನೀರಿನಿಂದ. ಕ್ರೌಂಚ ನಿಲ್ಲುವ ಕೊಳಕ್ಕೂ ಬಹುಪಾಲು ಅದೇ ನೀರನ್ನು ಎತ್ತಿ ಹಾಕುತ್ತಾರೆ. ದೊಡ್ಡ ತೋಟಗಳ, ಡೇರಿಗಳ ಆಳದ ಬೋರ್‌ವೆಲ್‌ಗಳು ಬಂದ ಮೇಲೆ ಸಣ್ಣ ಮನೆಗಳ ಬಾವಿಗಳು ಬತ್ತಿದವು, ಕೆಲವೆಡೆ ನೆಲವೇ ಬಿರುಕು ಬಿಟ್ಟಿತು. 2022ರ ನವೆಂಬರ್‌ನಲ್ಲಿ ಈ ಕೊಳವಿರುವ ಡಗ್ಲಸ್ ಜಲಾನಯನದ ಮತದಾರರು ಅಂತರ್ಜಲ ಎತ್ತುವುದಕ್ಕೆ ಸರ್ಕಾರಿ ಕಡಿವಾಣವಿರಲಿ ಎಂದರು. ಪಕ್ಕದ ವಿಲ್‌ಕಾಕ್ಸ್‌ನವರು ಅದೇ ದಿನ ಬೇಡ ಎಂದು ಮತ ಹಾಕಿದರು. ಆಮೇಲೆ ರಾಜ್ಯ ಸರ್ಕಾರವೇ ಅಲ್ಲೂ ಕಡಿವಾಣ ತಂದಿತು. ಹೊಸದಾಗಿ ನೀರಾವರಿಗೆ ಹೊಲ ತೆರೆಯುವಂತಿಲ್ಲ, ಹಳೆಯವು ನಡೆಯಬಹುದು. ಪಂಪು ಓಡಿದರೆ ನೀರಿಳಿಯುತ್ತದೆ, ನಿಂತರೆ ಮೆಕ್ಕೆಜೋಳ ಇಲ್ಲ. ಕ್ರೌಂಚಕ್ಕೆ ಎರಡೂ ಬೇಕು.